ರಾಜಹಸ್ತದ ಮಹಿಮೆ

ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ, ವೈಟ್‌ಹಾಲ್ ಅರಮನೆಯೊಳಗೆ, ಕೊರಳ ಸುತ್ತಲೂ ಗಂಟುಗಳೆದ್ದು ಕೀವು ಸೋರುತ್ತಿದ್ದ ರೋಗಿಗಳನ್ನು ಶಸ್ತ್ರವೈದ್ಯರು ಒಬ್ಬೊಬ್ಬರನ್ನಾಗಿ ಕರೆತಂದು ಸಿಂಹಾಸನದ ಮುಂದೆ ಮಂಡಿಯೂರಿಸುತ್ತಿದ್ದರು. ಎರಡನೆಯ ಚಾರ್ಲ್ಸ್ ದೊರೆ ತನ್ನ ಎರಡು ಕೈಗಳಿಂದಲೂ ಅವರ ಕೆನ್ನೆಗಳನ್ನು ನೇವರಿಸುತ್ತಿರಲು, ಪಕ್ಕದಲ್ಲಿ ನಿಂತ ಪಾದ್ರಿ ರೋಗಿಗಳ ಮೇಲೆ ಕೈಯಿಟ್ಟು ಗುಣಪಡಿಸುವ ವಿಷಯವುಳ್ಳ ಸುವಾರ್ತಾಭಾಗವನ್ನು ಪಠಿಸುವನು. ಎಲ್ಲರ ಸರದಿಯೂ ಮುಗಿದ ಮೇಲೆ ಅವರು ಅದೇ ಕ್ರಮದಲ್ಲಿ ಮತ್ತೊಮ್ಮೆ ಬರತಕ್ಕದ್ದು. ಆಗ ದೊರೆ ಬಿಳಿಯ ಪಟ್ಟಿಯಲ್ಲಿ ಪೋಣಿಸಿದ ಚಿನ್ನದ ನಾಣ್ಯವೊಂದನ್ನು ಒಬ್ಬೊಬ್ಬರ ಕೊರಳಿಗೂ ಹಾಕಿ, ಕೊನೆಯಲ್ಲಿ ಅಧಿಕಾರಿಗಳು ತಂದೊಡ್ಡಿದ ಪಾತ್ರೆಯಲ್ಲಿ ಕೈತೊಳೆದುಕೊಳ್ಳುವನು. 1660ರಲ್ಲಿ ಜಾನ್ ಈವ್ಲಿನ್ ಎಂಬಾತನು ಈ ವಿಧಿಯನ್ನು ತನ್ನ ದಿನಚರಿಯಲ್ಲಿ ಸವಿವರವಾಗಿ ಬರೆದಿಟ್ಟಿದ್ದಾನೆ.

ನಮ್ಮ ವೈದ್ಯರು ಗಂಡಮಾಲೆ ಎಂದು ಕರೆಯುವ ಈ ವ್ಯಾಧಿಯು ರಾಜಸ್ಪರ್ಶದಿಂದ ಗುಣವಾಗುವುದೆಂಬ ನಂಬಿಕೆ ಫ್ರಾನ್ಸ್ ಮತ್ತು ಇಂಗ್ಲೆಂಡ್ ದೇಶಗಳಲ್ಲಿ ಏಳೆಂಟು ಶತಮಾನಗಳ ಕಾಲ ಬೇರೂರಿ ನಿಂತಿದ್ದಿತು. ಇದನ್ನು ಕೇವಲ ಪಾಮರರ ಭ್ರಮೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಹುಟ್ಟಿನಲ್ಲಿ ರಾಜಕಾರಣದ ಕೈವಾಡವಿಲ್ಲದಿರಲಿಲ್ಲವೆಂದೇ ನನ್ನ ಎಣಿಕೆ. 987ರಲ್ಲಿ ಕಪೇ ವಂಶದವರು ಫ್ರಾನ್ಸಿನ ಪಟ್ಟವನ್ನು ಪಡೆದಾಗ, ಹಳೆಯ ರಾಜವಂಶದ ರಕ್ತದ ಬೆಂಬಲ ಅವರಿಗಿರಲಿಲ್ಲ. ಆ ವಂಶದ ಎರಡನೆಯ ದೊರೆಯಾದ ರಾಬರ್ಟನಿಗೇ ರೋಗನಿವಾರಣೆಯ ಶಕ್ತಿಯುಂಟೆಂಬ ಮಾತು ಹುಟ್ಟಿದ್ದು ಆಕಸ್ಮಿಕವಾಗಿರಲಾರದು. ಇಂಗ್ಲೆಂಡಿನ ದೊರೆಗಳೂ ಹಿಂದೆ ಬೀಳಲಿಲ್ಲ. ತಮ್ಮ ಶಕ್ತಿಯು ಸಂತನೆನಿಸಿದ ಎಡ್ವರ್ಡ್ ದೊರೆಯಿಂದ ಪರಂಪರೆಯಾಗಿ ಬಂದುದೆಂದು ಸಾರಿದರು. ಫ್ರೆಂಚರ ಬಳಿ ಇದಕ್ಕೂ ಮಿಗಿಲಾದುದೊಂದಿತ್ತು: ಕ್ಲೋವಿಸ್ ದೊರೆಯ ದೀಕ್ಷಾಸ್ನಾನದ ವೇಳೆ ಪಾರಿವಾಳವೊಂದು ಸ್ವರ್ಗದಿಂದ ಹೊತ್ತು ತಂದಿತೆಂಬ ತೈಲದ ಪುಟ್ಟ ಸೀಸೆ. ರೀಮ್ಸ್ ನಗರದಲ್ಲಿ ಆ ತೈಲದಿಂದ ಅಭಿಷಿಕ್ತನಾದ ದೊರೆಯ ಕೈಗೆ ದೈವಾಂಶವೊದಗದೆ ಇದ್ದೀತೇ ಎಂಬುದು ಜನರ ಭಾವನೆ.

ಗುಣವಾಗುತ್ತಿದ್ದಿತೇ ಎಂದು ಕೇಳಿದರೆ, ಕೆಲವರಿಗೆ ಗುಣವಾಗುತ್ತಿದ್ದುದು ನಿಜ. ಏಕೆಂದರೆ ಕ್ಷಯರೋಗದ ಒಂದು ರೂಪವಾದ ಈ ಗಂಟುಗಳು ಕೆಲವೊಮ್ಮೆ ತಾವಾಗಿಯೇ ಅಡಗಿ, ವರ್ಷಗಳ ಬಳಿಕ ಮತ್ತೆ ಕಾಣಿಸಿಕೊಳ್ಳುವಂಥವು. ಅಡಗಿದರೆ ಅದು ದೊರೆಯ ಮಹಿಮೆ, ಮರಳಿದರೆ ರೋಗಿಯ ಶ್ರದ್ಧೆಯ ಕೊರತೆ. ಮೇಲಾಗಿ ಕೊರಳಿಗೆ ಬಿದ್ದ ಚಿನ್ನವಂತೂ ಸುಳ್ಳಲ್ಲ. ಅದರ ಆಸೆಗೆ ಎರಡನೆಯ ಸಲವೂ ಬರುವವರಿದ್ದುದರಿಂದ, ಹಿಂದೆ ಸ್ಪರ್ಶ ಪಡೆದಿಲ್ಲವೆಂದು ಊರಿನ ಪಾದ್ರಿಯಿಂದ ಪತ್ರ ತರಬೇಕೆಂಬ ನಿಯಮವನ್ನೇ ಮಾಡಬೇಕಾಯಿತು! 1684ರಲ್ಲಿ ಪ್ರವೇಶಚೀಟಿಗಾಗಿ ಶಸ್ತ್ರವೈದ್ಯನ ಬಾಗಿಲಲ್ಲಿ ಉಂಟಾದ ನೂಕುನುಗ್ಗಲಿನಲ್ಲಿ ಆರೇಳು ಜನ ತುಳಿತಕ್ಕೆ ಸಿಕ್ಕಿ ಸತ್ತರೆಂದು ಈವ್ಲಿನ್ನನೇ ಬರೆದಿದ್ದಾನೆ. ತನ್ನ ಆಳ್ವಿಕೆಯಲ್ಲಿ ಚಾರ್ಲ್ಸ್ ಮುಟ್ಟಿದವರ ಸಂಖ್ಯೆ 90,000ವನ್ನು ಮೀರಿತೆಂದು ಅರಮನೆಯ ಲೆಕ್ಕಗಳಿಂದ ತಿಳಿದುಬರುತ್ತದೆ.

ಈ ಚಾರ್ಲ್ಸನ ತಂದೆಯನ್ನು ಇದೇ ವೈಟ್‌ಹಾಲಿನ ಮುಂದೆ 1649ರ ಜನವರಿ 30ರಂದು ಪ್ರಜೆಗಳೇ ಶಿರಚ್ಛೇದ ಮಾಡಿಸಿದ್ದರೆಂಬುದನ್ನು ನೆನೆದರೆ, ಮಗನು ಅಷ್ಟೊಂದು ಜನರನ್ನು ಮುಟ್ಟಿದುದರ ಅರ್ಥ ತಾನೇ ವಿಶದವಾಗುತ್ತದೆ. ರಾಜನ ಅಧಿಕಾರ ಬಂದುದು ದೇವರಿಂದಲೋ, ಪಾರ್ಲಿಮೆಂಟಿನಿಂದಲೋ ಎಂಬ ವಿವಾದಕ್ಕೆ ಮುಟ್ಟಿದ ಪ್ರತಿಯೊಂದು ಕೊರಳೂ ಒಂದೊಂದು ಸಾಕ್ಷಿಯಾಗಿದ್ದಿತು. ಆದುದರಿಂದಲೇ 1689ರಲ್ಲಿ ಪಾರ್ಲಿಮೆಂಟು ಪಟ್ಟಕ್ಕೇರಿಸಿದ ಮೂರನೆಯ ವಿಲಿಯಂ ಈ ಆಚಾರವನ್ನು ಕೈಬಿಟ್ಟನು. ಹಠಹಿಡಿದ ಒಬ್ಬ ರೋಗಿಯನ್ನು ಮುಟ್ಟಿ, ದೇವರು ನಿನಗೆ ಆರೋಗ್ಯದೊಂದಿಗೆ ಬುದ್ಧಿಯನ್ನೂ ಕೊಡಲೆಂದು ಹರಸಿದನೆಂಬ ಕಥೆಯುಂಟು. ಆನ್ ರಾಣಿ ಮತ್ತೆ ಅದನ್ನು ಎತ್ತಿಕೊಂಡಳು. 1712ರಲ್ಲಿ ಆಕೆ ಮುಟ್ಟಿದ ಮಕ್ಕಳಲ್ಲಿ, ಮುಂದೆ ನಿಘಂಟುಕಾರನಾಗಿ ಪ್ರಖ್ಯಾತನಾದ ಸ್ಯಾಮ್ಯುಯೆಲ್ ಜಾನ್ಸನ್ನನೂ ಒಬ್ಬ. ರೋಗ ಅದರಿಂದ ಗುಣವಾಗಲಿಲ್ಲ, ಆದರೂ ಆ ನಾಣ್ಯವನ್ನು ಆತನು ಜೀವಮಾನವೆಲ್ಲ ಕೊರಳಲ್ಲಿ ಧರಿಸಿದ್ದನಂತೆ. 1714ರಲ್ಲಿ ಜರ್ಮನಿಯ ಹ್ಯಾನೋವರಿನಿಂದ ಬಂದ ಮೊದಲನೆಯ ಜಾರ್ಜ್ ಯಾರನ್ನೂ ಮುಟ್ಟಲಿಲ್ಲ. ಪದಚ್ಯುತರಾಗಿ ವಿದೇಶದಲ್ಲಿದ್ದ ಸ್ಟುವರ್ಟ್ ವಂಶದವರಾದರೋ ತಾವೇ ನಿಜವಾದ ದೊರೆಗಳೆಂದು ತೋರಿಸಲು ಅಲ್ಲಿಂದಲೇ ಸ್ಪರ್ಶವನ್ನು ಮುಂದುವರಿಸಿದರು.

ಫ್ರಾನ್ಸಿನಲ್ಲಿ ಈ ವಿಶ್ವಾಸಕ್ಕೆ ಮೊದಲ ಪೆಟ್ಟು ಬಿದ್ದುದು ಅರಮನೆಯೊಳಗಿನಿಂದಲೇ. ಸ್ಪರ್ಶಕ್ಕೆ ಮುನ್ನ ದೊರೆ ಪಾಪನಿವೇದನೆ ಮಾಡಿ ಪರಮಪ್ರಸಾದವನ್ನು ಸ್ವೀಕರಿಸಿರಬೇಕು. ಪ್ರೇಯಸಿಯರನ್ನು ತೊರೆಯಲೊಲ್ಲದ ಹದಿನೈದನೆಯ ಲೂಯಿಗೆ 1739ರಲ್ಲಿ ಅದು ಸಾಧ್ಯವಾಗದೆ ವಿಧಿಯೇ ನಿಂತುಹೋಯಿತು. 1775ರಲ್ಲಿ ಆತನ ಮೊಮ್ಮಗನು ಪಟ್ಟಾಭಿಷಿಕ್ತನಾಗಿ 2,400 ರೋಗಿಗಳನ್ನು ಮುಟ್ಟಿದನು. ಹದಿನೆಂಟು ವರ್ಷಗಳೊಳಗೆ ಆತನ ತಲೆ ಉರುಳಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಕ್ರಾಂತಿಕಾರರು ರೀಮ್ಸಿನ ಚೌಕದಲ್ಲಿ ಆ ಪವಿತ್ರ ಸೀಸೆಯನ್ನು ಸುತ್ತಿಗೆಯಿಂದ ಒಡೆದು ಚೂರುಮಾಡಿದರು. ಗಂಡಮಾಲೆಯ ಕಾರಣವಾದ ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಖ್ ಕಂಡುಹಿಡಿದುದು 1882ರಷ್ಟು ಈಚೆಗೆ. ಎಂದರೆ ಈ ವಿಶ್ವಾಸವನ್ನು ಕೊಂದುದು ವೈದ್ಯಶಾಸ್ತ್ರವಲ್ಲ.

1825ರಲ್ಲಿ ಹತ್ತನೆಯ ಚಾರ್ಲ್ಸ್, ಒಡೆದ ಸೀಸೆಯಿಂದ ಉಳಿದುದೆಂದು ಹೇಳಲಾದ ತೈಲದ ಶೇಷದಿಂದಲೇ ಅಭಿಷೇಕ ಮಾಡಿಸಿಕೊಂಡು, ನೂರಿಪ್ಪತ್ತಕ್ಕೆ ಸಮೀಪದ ರೋಗಿಗಳನ್ನು ಮುಟ್ಟಿದನು. ಐದು ವರ್ಷಗಳ ಬಳಿಕ ಜನರು ದಂಗೆಯೆದ್ದು ಆತನನ್ನು ಓಡಿಸಿದರು. ಆತನ ಸ್ಥಾನಕ್ಕೆ ಬಂದ ಲೂಯಿ ಫಿಲಿಪ್ ರೀಮ್ಸಿಗೆ ಹೋಗಲಿಲ್ಲ, ತೈಲವನ್ನು ಬಯಸಲಿಲ್ಲ, ರೋಗಿಗಳನ್ನೂ ಕರೆಸಲಿಲ್ಲ. ಪ್ರತಿನಿಧಿಗಳ ಸಭೆಯೆದುರು ನಿಂತು ಸನ್ನದಿಗೆ ನಿಷ್ಠನಾಗಿರುವೆನೆಂದು ಪ್ರಮಾಣಮಾಡಿ, ಫ್ರಾನ್ಸಿನ ದೊರೆಯೆಂದಲ್ಲ, ಫ್ರೆಂಚರ ದೊರೆಯೆಂದು ಬಿರುದನ್ನು ತಳೆದನು.