ಮಧ್ಯಾಹ್ನ ಬಾಡಿದ ಟೊಮೆಟೊ ಗಿಡ ಕಂಡ ಕೂಡಲೇ ನೀರು ಬಿಡಬೇಡಿ! ಮೊದಲು ಇದನ್ನು ನೋಡಿ

ಕೊಳಗಲ್ಲು: ಏಪ್ರಿಲ್, ಮೇ ಬಂತೆಂದರೆ ಬಳ್ಳಾರಿ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು. ಬೆಳಿಗ್ಗೆ ನೆಟ್ಟಗಿದ್ದ ಟೊಮೆಟೊ ಗಿಡ ಮಧ್ಯಾಹ್ನ ಎರಡು ಗಂಟೆಗೆ ತಲೆ ಬಾಗಿಸಿ ನಿಲ್ಲುತ್ತೆ. ಗಾಬರಿಯಾಗಿ ಮೋಟರ್ ಚಾಲೂ ಮಾಡುವವರೇ ಹೆಚ್ಚು. ಆದರೆ ಬಾಡಿದ ಗಿಡಕ್ಕೆಲ್ಲ ನೀರೇ ಔಷಧಿ ಅಲ್ಲ. ಕೆಲವು ಸಲ ಅದೇ ನೀರು ಇಡೀ ಸಾಲನ್ನು ಕೆಡಿಸುತ್ತೆ.

ಗಿಡ ಯಾಕೆ ಬಾಡುತ್ತೆ?

ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಅವುಗಳಿಂದ ನೀರು ಆವಿಯಾಗಿ ಹೋಗುತ್ತೆ, ಗಿಡ ತಣ್ಣಗಿರೋದು ಇದರಿಂದಲೇ. ಸುಡು ಬಿಸಿಲು, ಬಿಸಿಗಾಳಿ ಇದ್ದಾಗ ಎಲೆ ಕಳೆದುಕೊಳ್ಳುವಷ್ಟು ಬೇಗ ಬೇರು ನೀರು ಎಳೆದು ಕೊಡೋಕೆ ಆಗಲ್ಲ. ಮಣ್ಣಲ್ಲಿ ತೇವ ಇದ್ದರೂ ಎಲೆ ಜೋತು ಬೀಳುತ್ತೆ. ಸಂಜೆ ತಂಪಾದ ಮೇಲೆ ಗಿಡ ತಾನಾಗೇ ಎದ್ದು ನಿಂತರೆ ಚಿಂತೆ ಬೇಡ.

ಬೆಳಿಗ್ಗೆ ನೋಡಿ, ಮಣ್ಣು ಮುಟ್ಟಿ

ಬೆಳಿಗ್ಗೆ ಏಳು ಗಂಟೆಗೂ ಗಿಡ ಬಾಡಿಯೇ ಇದ್ದರೆ ಬುಡದ ಹತ್ತಿರ ನಾಲ್ಕು ಇಂಚು ಕೆದಕಿ ಮಣ್ಣು ಹಿಡಿದು ನೋಡಬೇಕು. ಒಣಗಿ ಪುಡಿಯಾದರೆ ನೀರು ಬೇಕು. ಮುದ್ದೆ ಕಟ್ಟುವಷ್ಟು ತೇವ ಇದ್ದೂ ಗಿಡ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ.

ನಮ್ಮ ಕಡೆಯ ಎರೆಭೂಮಿ ನೀರನ್ನು ಬೇಗ ಬಿಟ್ಟುಕೊಡಲ್ಲ. ದಿನಾ ನೀರು ನಿಲ್ಲಿಸಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತೆ. ಪೂರ್ತಿ ಒಣಗಿಸಿದರೆ ನೆಲ ಬಿರುಕು ಬಿಟ್ಟು ಬೇರು ಹರಿಯುತ್ತೆ. ಒಮ್ಮೆ ಒಣಗಿಸಿ ಒಮ್ಮೆ ತುಂಬಿಸಿದರೆ ಕಾಯಿಯ ತಳ ಕಪ್ಪಾಗುತ್ತೆ, ಹಣ್ಣು ಸೀಳುತ್ತೆ.

ಸೊರಗು ರೋಗ ಇದ್ದರೆ ಹುಷಾರ್

ಎಲೆ ಹಸಿರಾಗಿದ್ದಾಗಲೇ ಗಿಡ ದಿಢೀರ್ ಬಾಡಿ ಮತ್ತೆ ಏಳದಿದ್ದರೆ ದುಂಡಾಣು ಸೊರಗು ರೋಗ ಇರಬಹುದು. ಬುಡದ ಕಾಂಡವನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿ ನೀರಲ್ಲಿ ಇಳಿಬಿಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದೇ ರೋಗ. ಇದು ಹರಿಯುವ ನೀರಿನ ಜೊತೆ ಪಕ್ಕದ ಗಿಡಕ್ಕೂ ಹಬ್ಬುತ್ತೆ. ರೋಗ ಬಂದ ಗಿಡವನ್ನು ಉಳಿಸುವ ಔಷಧಿ ಇಲ್ಲ, ಬೇರು ಸಮೇತ ಕಿತ್ತು ಸುಡಬೇಕು. ಆ ಜಾಗದಲ್ಲಿ ಮೆಣಸಿನಕಾಯಿ, ಬದನೆ ಹಾಕಿದರೂ ಇದೇ ರೋಗ ಬರಬಹುದು. ಜೋಳ ಅಥವಾ ಮೆಕ್ಕೆಜೋಳ ಹಾಕೋದು ಒಳ್ಳೇದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ತಳಿಗೆ ಈ ರೋಗ ತಡೆಯುವ ಶಕ್ತಿ ಇದೆ.

ಬಿಸಿಲಿನಿಂದ ಕಾಪಾಡೋದು ಹೇಗೆ?

* ನೀರು ಬೆಳಿಗ್ಗೆ ಬೇಗ ಬಿಡಿ. ಡ್ರಿಪ್ ಇದ್ದರೆ ಬುಡಕ್ಕೆ ಮಾತ್ರ ಹದವಾಗಿ ಸಿಗುತ್ತೆ.
* ಬುಡಕ್ಕೆ ಎರಡು-ಮೂರು ಇಂಚು ಭತ್ತದ ಹುಲ್ಲು ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ. ಸಿರುಗುಪ್ಪ, ಕುರುಗೋಡು ಕಡೆ ಹುಲ್ಲಿಗೆ ಬರ ಇಲ್ಲ. ತೇವ ಉಳಿಯುತ್ತೆ, ಬಿರುಕು ಕಡಿಮೆಯಾಗುತ್ತೆ.
* ಸಸಿ ನಾಟಿ ಸಂಜೆ ಮಾಡಿ.
* ಹಿತ್ತಲಿನ, ಕುಂಡದ ಗಿಡಕ್ಕೆ ಮಧ್ಯಾಹ್ನ ಶೇಡ್ ನೆಟ್ ಅಥವಾ ಹಳೇ ಬಿಳಿ ಸೀರೆ ಕಟ್ಟಿ.
* ಎಲೆ ಹೆಚ್ಚು ಸವರಬೇಡಿ. ಎಲೆಯ ನೆರಳಿಲ್ಲದಿದ್ದರೆ ಕಾಯಿ ಸುಟ್ಟು ಬಿಳಿ ಕಲೆ ಬೀಳುತ್ತೆ.
* ಉರಿ ಬಿಸಿಲಲ್ಲಿ ಔಷಧಿ ಹೊಡೆಯೋದು, ಯೂರಿಯಾ ಹಾಕೋದು ಬೇಡ.

ಹಗಲು 35 ಡಿಗ್ರಿ ಮೀರಿ ರಾತ್ರಿಯೂ ಸೆಕೆ ಇದ್ದರೆ ಹೂ ಉದುರೋದು ಸಹಜ. ಅದಕ್ಕೆ ಹೆಚ್ಚು ನೀರು ಬಿಟ್ಟು ಪ್ರಯೋಜನ ಇಲ್ಲ. ರೋಗದ ಅನುಮಾನ ಇದ್ದವರು ಬಾಡಿದ ಗಿಡವನ್ನು ಬೇರು ಸಮೇತ ಕವರಿನಲ್ಲಿ ಹಾಕಿಕೊಂಡು ಹಗರಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಗೆ ತೋರಿಸಬಹುದು.