ಹಿರಿಯರು ಬೀಳದಂತೆ ತಾಯ್ ಚಿ: ಸಂಶೋಧನೆ ಏನು ಹೇಳುತ್ತದೆ?



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಜವಾಬ್ದಾರಿ ನನ್ನದು. ಕ್ಯಾನ್ಸರ್, ಡಯಾಲಿಸಿಸ್ ಅರ್ಜಿಗಳ ಜೊತೆಗೆ ಹಿರಿಯರ ಸೊಂಟದ ಮೂಳೆ ಮುರಿದ ಅರ್ಜಿಗಳೂ ಬರುತ್ತಲೇ ಇರುತ್ತವೆ. ಬಚ್ಚಲಲ್ಲಿ ಜಾರಿದ್ದು, ಮೆಟ್ಟಿಲಲ್ಲಿ ಕಾಲು ತಪ್ಪಿದ್ದು. ಕಾರಣ ಸಣ್ಣದು, ಆಸ್ಪತ್ರೆಯ ಬಿಲ್ಲು ದೊಡ್ಡದು. ಬೀಳುವುದನ್ನೇ ತಡೆಯಬಹುದೇ? ಈ ಪ್ರಶ್ನೆಗೆ ತಾಯ್ ಚಿ ಕುರಿತ ಸಂಶೋಧನೆಗಳಲ್ಲಿ ಭರವಸೆಯ ಉತ್ತರವಿದೆ.

ತಾಯ್ ಚಿ ಎಂಬುದು ಚೀನಾದ ಸಮರಕಲೆಯಿಂದ ಬಂದ ನಿಧಾನಗತಿಯ ವ್ಯಾಯಾಮ. ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ಸಾಗಿಸುತ್ತಾರೆ. ಎಡವಿದಾಗ ಸಾವರಿಸಿಕೊಳ್ಳಲು ಬೇಕಾದದ್ದೂ ಇದೇ ಹಿಡಿತ.

ಅಮೆರಿಕದ ಆರಿಗನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಳುವ ಅಪಾಯವಿದ್ದ, 70 ಹಾಗೂ ಅದಕ್ಕೂ ಹೆಚ್ಚು ವಯಸ್ಸಿನ 670 ಮಂದಿಯನ್ನು ಮೂರು ಗುಂಪು ಮಾಡಲಾಯಿತು. ವಾರಕ್ಕೆ ಎರಡು ಬಾರಿ, ಒಂದೊಂದು ಗಂಟೆಯಂತೆ 24 ವಾರ ಅಭ್ಯಾಸ. ಬರೀ ಕೈಕಾಲು ಚಾಚುವ ವ್ಯಾಯಾಮ ಮಾಡಿದವರಿಗಿಂತ ತಾಯ್ ಚಿ ಮಾಡಿದವರು ಶೇ. 58ರಷ್ಟು ಕಡಿಮೆ ಬಿದ್ದರು. ಹಲವು ಬಗೆಯ ವ್ಯಾಯಾಮ ಬೆರೆಸಿ ಮಾಡಿದವರಿಗಿಂತ ಶೇ. 31ರಷ್ಟು ಕಡಿಮೆ. 2012ರಲ್ಲಿ 195 ಪಾರ್ಕಿನ್ಸನ್ ರೋಗಿಗಳ ಅಧ್ಯಯನದಲ್ಲೂ ತಾಯ್ ಚಿಯಿಂದ ಸಮತೋಲನ ಸುಧಾರಿಸಿತ್ತು. ಮಂಡಿನೋವಿನ 204 ಮಂದಿಯ 2016ರ ಅಧ್ಯಯನದಲ್ಲಿ ಅದು ಫಿಸಿಯೋಥೆರಪಿಯಷ್ಟೇ ಉಪಶಮನ ನೀಡಿತು.

ಆದರೆ ಅತಿಯಾಸೆ ಬೇಡ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕಾಕ್ರೇನ್ ಪರಾಮರ್ಶೆಯಲ್ಲಿ ಲಾಭ ಸುಮಾರು ಶೇ. 20 ಮಾತ್ರ, ಆ ಪುರಾವೆಯೂ ಅಷ್ಟು ಗಟ್ಟಿಯಲ್ಲ ಎಂದು ಪರಾಮರ್ಶಕರೇ ಹೇಳಿದ್ದಾರೆ. ತಾಯ್ ಚಿ ಔಷಧಿಗೆ ಬದಲಿಯಲ್ಲ. ತಲೆಸುತ್ತು, ಮೂಳೆ ಸವೆತ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮೊದಮೊದಲು ಹಿಡಿದುಕೊಳ್ಳಲು ಪಕ್ಕದಲ್ಲೊಂದು ಗಟ್ಟಿ ಕುರ್ಚಿ ಇರಲಿ.

ಇದಕ್ಕೆ ಯಂತ್ರ ಬೇಡ, ದುಬಾರಿ ಉಡುಪು ಬೇಡ. ಸಂಘದ ಸಭಾಗೃಹ ವಾರಕ್ಕೆ ಎರಡು ಗಂಟೆ ತೆರೆದರೆ ಸಾಕು. ಕಲಿಸಬಲ್ಲ ತರಬೇತುದಾರರು ತಮಗೆ ಪರಿಚಯವಿದ್ದರೆ ದಯವಿಟ್ಟು ಕಾರ್ಯಾಲಯಕ್ಕೆ ತಿಳಿಸಿ. ಈಗಾಗಲೇ ಬಿದ್ದು ಹಾಸಿಗೆ ಹಿಡಿದವರು ಮಾತ್ರ ಕಾಯಲಾರರು. ಅವರ ಶಸ್ತ್ರಚಿಕಿತ್ಸೆಗಾಗಿ ತಮ್ಮ ಕೈಲಾದ ದೇಣಿಗೆಯನ್ನು ಈ ಬಾರಿಯೂ ನೀಡಬೇಕೆಂದು ವಿನಂತಿಸುತ್ತೇನೆ.