ಲ್ಯಾಪ್‌ಟಾಪ್ ಜುಮ್ ಅಂದ್ರೆ ಗೀಸರ್ ಕಡೆ ನೋಡಿ

ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಮೇಲೆ ಕೈ ಇಟ್ರೆ ಜುಮ್ ಅನ್ನುತ್ತೆ. ಬರಿಗಾಲಲ್ಲಿ ನೆಲದ ಮೇಲೆ ಕೂತಿದ್ರೆ ಇನ್ನೂ ಜಾಸ್ತಿ. ಚಾರ್ಜರ್ ಕಿತ್ತರೆ ಮಾಯ. ಹಳೆಯ ಲ್ಯಾಪ್‌ಟಾಪ್‌ಗಳಿಗೆ ಪ್ಲಾಸ್ಟಿಕ್ ಮೈ ಇತ್ತು, ಗೊತ್ತಾಗ್ತಿರಲಿಲ್ಲ. ಈಗ ಎಲ್ಲರಿಗೂ ತೆಳ್ಳಗೆ, ಹೊಳೆಯೋ ಅಲ್ಯೂಮಿನಿಯಂ ಮೈ ಬೇಕು. ಹಾಗಾಗಿ ಈ ಜುಮ್ ಅನ್ನೋದು ಮನೆಮನೆಯ ಮಾತಾಗಿದೆ.

ಯಾರನ್ನಾದರೂ ಕೇಳಿ, ಎರಡು ಉತ್ತರ ಬರುತ್ತೆ. ಒಬ್ಬರು, ‘ಲ್ಯಾಪ್‌ಟಾಪ್ ಹೋಯ್ತು, ಸರ್ವಿಸ್‌ಗೆ ಕೊಡಿ’ ಅಂತಾರೆ. ಇನ್ನೊಬ್ಬರು, ‘ಏನೂ ಆಗಲ್ಲ ಬಿಡಿ, ಚಪ್ಪಲಿ ಹಾಕ್ಕೊಳಿ’ ಅಂತಾರೆ. ಮೊದಲನೆಯವರು ಸುಮ್ಮನೆ ಹೆದರಿಸ್ತಾರೆ. ಎರಡನೆಯವರು ಅದಕ್ಕಿಂತ ಅಪಾಯಕಾರಿ. ಯಾಕೆ ಅಂತ ಹೇಳ್ತೀನಿ.

ನಮ್ಮ ಗೋಡೆಯ ಪ್ಲಗ್‌ನಲ್ಲಿ ಬರೋದು 230 ವೋಲ್ಟ್. ಲ್ಯಾಪ್‌ಟಾಪ್‌ಗೆ ಬೇಕಾದ್ದು ಸುಮಾರು 20 ವೋಲ್ಟ್. ಈ ಇಳಿಸುವ ಕೆಲಸವನ್ನು ಚಾರ್ಜರ್‌ನ ಆ ಕರಿ ಅಥವಾ ಬಿಳಿ ಡಬ್ಬಿ ಮಾಡುತ್ತೆ. ಹೇಗೆ? ಕರೆಂಟನ್ನು ಸೆಕೆಂಡಿಗೆ ಸಾವಿರಾರು, ಹತ್ತಾರು ಸಾವಿರ ಸಲ ಆನ್-ಆಫ್ ಮಾಡಿ. ಇಷ್ಟು ವೇಗದಲ್ಲಿ ಸ್ವಿಚ್ ಆಡಿಸಿದ್ರೆ ವಿದ್ಯುತ್ ಗದ್ದಲ ಹುಟ್ಟುತ್ತೆ, ಪಕ್ಕದ ರೇಡಿಯೊ ಕೊರಕೊರ ಅನ್ನಬಹುದು. ಆ ಗದ್ದಲವನ್ನು ಅಡಗಿಸಲಿಕ್ಕೆ ಗೋಡೆ ಕಡೆಯ ಸರ್ಕ್ಯೂಟ್‌ಗೂ ಲ್ಯಾಪ್‌ಟಾಪ್ ಕಡೆಯ ಸರ್ಕ್ಯೂಟ್‌ಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇಡ್ತಾರೆ. ವೈ ಕೆಪಾಸಿಟರ್ ಅಂತ ಅದರ ಹೆಸರು. ನಿಮ್ಮ ಬೆರಳಿಗೆ ಬರೋ ಜುಮ್ ಇದರ ಕೃಪೆ. ಗದ್ದಲದ ಜೊತೆ ಗೋಡೆಯ ಕರೆಂಟಿನ ಒಂದು ಹನಿಯನ್ನೂ ಅದು ದಾಟಿಸಿಬಿಡುತ್ತೆ.

ಆ ಹನಿ ಎಷ್ಟು? ಎರಡು ಪಿನ್ ಚಾರ್ಜರ್‌ಗೆ ಅಂತಾರಾಷ್ಟ್ರೀಯ ಸುರಕ್ಷತಾ ನಿಯಮ ಬಹುಕಾಲ ಹಾಕಿದ್ದ ಮಿತಿ 0.25 ಮಿಲಿ ಆಂಪಿಯರ್. ಹಿಡಿದ ಕೈ ಬಿಡಿಸಿಕೊಳ್ಳೋಕೆ ಆಗದಂತೆ ಸ್ನಾಯು ಸೆಟೆದುಕೊಳ್ಳಬೇಕಾದ್ರೆ 10 ಮಿಲಿ ಆಂಪಿಯರ್ ಆಸುಪಾಸು ಬೇಕು. ಅಂದ್ರೆ ಸರಿಯಾದ ಕಂಪನಿಯ ಚಾರ್ಜರ್‌ನ ಈ ಜುಮ್‌ನಿಂದ ಯಾರೂ ಸಾಯಲ್ಲ. ಅಂಗೈಗಿಂತ ಮಣಿಕಟ್ಟಿನ ಒಳಭಾಗಕ್ಕೆ ಇದು ಬೇಗ ಗೊತ್ತಾಗುತ್ತೆ, ಅಲ್ಲಿ ಚರ್ಮ ತೆಳು. ಬೆರಳ ಹಿಂಭಾಗದಿಂದ ಮೆಲ್ಲಗೆ ಸವರಿದ್ರೆ ನುಣುಪಾದ ಲೋಹ ಉಪ್ಪುಕಾಗದದ ಹಾಗೆ ತರಿತರಿ ಅನಿಸುತ್ತೆ, ಬೆರಳು ನಿಲ್ಲಿಸಿದ್ರೆ ಇಲ್ಲ. ಅದು ಶಾಕ್ ಕೂಡ ಅಲ್ಲ. ಲೋಹ ಚರ್ಮವನ್ನು ಎಳೆದು ಬಿಟ್ಟು ಮಾಡೋ ಕಂಪನ. 1953ರಲ್ಲೇ ಅಮೆರಿಕದ ಮ್ಯಾಲಿಂಕ್ರಾಟ್ ಮತ್ತು ಸಂಗಡಿಗರು ಇದನ್ನು ವೈಜ್ಞಾನಿಕ ಪತ್ರಿಕೆಯಲ್ಲಿ ಬರೆದಿದ್ದಾರೆ. ಲ್ಯಾಪ್‌ಟಾಪ್ ಹುಟ್ಟೋಕೆ ಎಷ್ಟೋ ಮುಂಚೆ!

ಟೆಸ್ಟರ್ ಇಟ್ಟು ನೋಡೋರು ಇದ್ದಾರೆ. ‘ಸಾರ್, ಟೆಸ್ಟರ್ ಉರೀತು, ಫುಲ್ ಕರೆಂಟು!’ ಅಲ್ಲ ಸ್ವಾಮಿ. ಟೆಸ್ಟರ್ ಒಳಗಿನ ನಿಯಾನ್ ದೀಪಕ್ಕೆ ಅಷ್ಟು ಸಣ್ಣ ಹನಿಯೇ ಸಾಕು. ಮೀಟರ್ ಇಟ್ರೆ 230ರ ಅರ್ಧದ ಹತ್ತಿರ ವೋಲ್ಟೇಜ್ ತೋರಿಸುತ್ತೆ, ಅದೂ ಹೆದರಿಸೋ ಸಂಖ್ಯೆಯೇ. ಆದರೆ ಅದರ ಹಿಂದೆ ಬಲ ಇಲ್ಲ. ನೀವು ಈಗ ನನ್ನನ್ನು ನೋಡ್ತಿರೋ ಟೀವಿಯ ಹಿಂದೆ ಕೈ ಹಾಕಿ ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ತಿರುಗಿಸುವಾಗ ಚುರ್ ಅಂದದ್ದು ನೆನಪಿದೆಯಾ? ಅದೂ ಇದೇ ಹನಿ.

ಹಾಗಾದ್ರೆ ಚಪ್ಪಲಿ ಹಾಕ್ಕೊಂಡು ಸುಮ್ಮನಿರೋಣವಾ? ಇಲ್ಲೇ ಇರೋದು ವಿಷಯ.

ಈ ಹನಿ ಹರಿದುಹೋಗೋಕೆ ಒಂದು ದಾರಿ ಮಾಡಿರ್ತಾರೆ. ಅದೇ ಮೂರನೇ ಪಿನ್, ಮೇಲಿರೋ ದಪ್ಪ ಪಿನ್. ಅದು ಉಳಿದೆರಡಕ್ಕಿಂತ ಉದ್ದ ಇರೋದಕ್ಕೂ ಕಾರಣ ಇದೆ: ಸಿಕ್ಕಿಸುವಾಗ ಅರ್ತಿಂಗ್ ಮೊದಲು ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಮೂರು ಪಿನ್ ಚಾರ್ಜರ್ ಆದ್ರೆ ಹನಿ ಆ ತಂತಿಯಲ್ಲಿ ಇಳಿದು ಮಣ್ಣು ಸೇರುತ್ತೆ, ನಿಮ್ಮ ಬೆರಳಿಗೆ ಏನೂ ಉಳಿಯಲ್ಲ. ಎರಡು ಪಿನ್ ಚಾರ್ಜರ್‌ಗೆ ಆ ದಾರಿಯೇ ಇಲ್ಲ, ಹಾಗಾಗಿ ಎಂಥ ಒಳ್ಳೆ ಮನೆಯಲ್ಲೂ ಅದು ಸ್ವಲ್ಪ ಜುಮ್ ಅನ್ನಬಹುದು. ಅನೇಕ ಮ್ಯಾಕ್‌ಬುಕ್ ಚಾರ್ಜರ್‌ಗಳಲ್ಲಿ ಎರಡಕ್ಕೂ ಅವಕಾಶ ಇದೆ. ತುದಿಯ ಪುಟ್ಟ ತುಂಡನ್ನು ಜಾರಿಸಿ ತೆಗೆದ್ರೆ ಒಳಗೊಂದು ಲೋಹದ ಗುಂಡಿ ಕಾಣುತ್ತೆ. ಮೂರು ಪಿನ್ನಿನ ಉದ್ದ ವೈರ್ ಹಾಕಿದ್ರೆ ಅರ್ತಿಂಗ್ ಆ ಗುಂಡಿಗೆ ಸೇರುತ್ತೆ. ಎರಡು ಪಿನ್ನಿನ ತುಂಡು ಹಾಕಿದ್ರೆ ಇಲ್ಲ. ಇನ್ನು ಕೆಲವು ಅಗ್ಗದ ಚಾರ್ಜರ್‌ಗಳ ಮೂರನೇ ಪಿನ್ ಬರೀ ಪ್ಲಾಸ್ಟಿಕ್, ದೃಷ್ಟಿಬೊಂಬೆ ಥರ.

ನಿಮ್ಮದು ಅಸಲಿ ಮೂರು ಪಿನ್ ಚಾರ್ಜರ್. ಗೋಡೆಯಲ್ಲಿ ಮೂರು ತೂತಿನ ಸಾಕೆಟ್. ಆದರೂ ಜುಮ್ ಅನ್ನುತ್ತೆ. ಆಗ ಅನುಮಾನ ಪಡಬೇಕಾದ್ದು ಲ್ಯಾಪ್‌ಟಾಪ್ ಮೇಲಲ್ಲ, ಗೋಡೆ ಮೇಲೆ. ನಮ್ಮ ಎಡಿಟಿಂಗ್ ರೂಮಿನ ಹುಡುಗ ಒಬ್ಬ ತನ್ನ ಬಾಡಿಗೆ ಮನೆಯಲ್ಲಿ ಹೀಗೇ ಆಗ್ತಿದೆ ಅಂದ. ಸ್ವಿಚ್ ಬೋರ್ಡ್ ಬಿಚ್ಚಿಸಿ ನೋಡಿದ್ರೆ ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ! ಮೇಲೆ ತೂತು, ಒಳಗೆ ಶೂನ್ಯ. ಮನೆ ಕಟ್ಟುವಾಗ ಯಾರೋ ಒಂದು ಸುರುಳಿ ವೈರ್ ಉಳಿಸಿದ್ದರು.

ಈಗ ಅದೇ ಮನೆಯ ಬಚ್ಚಲಿಗೆ ಬನ್ನಿ. ಗೀಸರ್ ಇದೆ. ಅದರ ಕಾಯಿಲ್ ವರ್ಷಗಟ್ಟಲೆ ಗಡಸು ನೀರಲ್ಲಿ ಬೆಂದು ಸೀಳು ಬಿಟ್ಟಿದೆ ಅಂದ್ಕೊಳ್ಳಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಇದು ಅಪರೂಪವೇನಲ್ಲ. ಈಗ ಲೋಹದ ಟ್ಯಾಂಕಿಗೆ ಬರೋದು ಕೆಪಾಸಿಟರ್‌ನ ಹನಿಯಲ್ಲ, ನೇರ ಫೇಸ್. ತಡೆಯೋರು ಯಾರೂ ಇಲ್ಲ. ಅರ್ತಿಂಗ್ ಇದ್ದಿದ್ರೆ ಕರೆಂಟ್ ಆ ದಾರಿ ಹಿಡಿದು ಟ್ರಿಪ್ಪರ್ ಬಿದ್ದಿರೋದು. ಇಲ್ಲದಿದ್ರೆ ಅದು ಕಾಯುತ್ತೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನಲ್ಲಿ ತಿರುಗಿಸೋ ಕೈಗೆ ಕಾಯುತ್ತೆ. ಫ್ರಿಡ್ಜ್, ವಾಷಿಂಗ್ ಮಷಿನ್, ನೀರೆತ್ತೋ ಮೋಟರ್, ಎಲ್ಲದರ ಕತೆಯೂ ಇದೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವಿದ್ಯುತ್ ತಗುಲಿ ಸತ್ತವರು ವರ್ಷಕ್ಕೆ 10,000ಕ್ಕೂ ಹೆಚ್ಚು. ಹೊಲದ ತಂತಿ, ಬೀದಿ ಕಂಬ ಎಲ್ಲ ಅದರಲ್ಲಿ ಸೇರಿದೆ. ಮನೆಯೊಳಗಿನವರೂ ಇದ್ದಾರೆ.

ಲ್ಯಾಪ್‌ಟಾಪ್ ನಿಮಗೆ ಪುಕ್ಕಟೆಯಾಗಿ ಸುದ್ದಿ ಕೊಡ್ತಿದೆ. ನಾವು ಸುದ್ದಿಯವರಿಗೇ ಚಪ್ಪಲಿ ತೋರಿಸ್ತಿದ್ದೀವಿ!

ಇನ್ನು ನಮ್ಮ ಜಾಣತನದ ರಿಪೇರಿಗಳು. ಮೂರನೇ ಪಿನ್ ಕತ್ತರಿಸಿ ಎರಡು ತೂತಿನ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ತುರುಕೋದು. ಅರ್ತ್ ವೈರನ್ನು ನಲ್ಲಿ ಪೈಪಿಗೆ ಸುತ್ತೋದು. ಹಿಂದೆ ಕಬ್ಬಿಣದ ಪೈಪು ಮಣ್ಣಿನಲ್ಲಿ ಹೋಗ್ತಿತ್ತು, ಈಗ ಪಿವಿಸಿ. ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಎಲ್ಲಿಗೆ ಹೋಗ್ಬೇಕು? ಎಲ್ಲಕ್ಕಿಂತ ಭಯಂಕರವಾದದ್ದು ಒಂದಿದೆ. ಕೆಲವರು ಸಾಕೆಟ್ ಒಳಗೇ ಅರ್ತ್ ತೂತಿಗೂ ನ್ಯೂಟ್ರಲ್‌ಗೂ ಒಂದು ತುಂಡು ವೈರ್ ಕಟ್ಟಿಬಿಡ್ತಾರೆ. ಜುಮ್ ನಿಂತುಹೋಗುತ್ತೆ. ಮನೆಯವರು ಖುಷಿಯಾಗಿ ದುಡ್ಡು ಕೊಟ್ಟು ಕಳಿಸ್ತಾರೆ. ಮುಂದೊಂದು ದಿನ ಎಲ್ಲೋ ನ್ಯೂಟ್ರಲ್ ತಂತಿ ಕಳಚಿಕೊಂಡ್ರೆ ಆ ಸಾಕೆಟ್‌ಗೆ ಹಾಕಿದ ಫ್ರಿಡ್ಜ್‌ನ ಇಡೀ ಮೈಗೆ ಫೇಸ್ ಬರಬಹುದು. ಕೆಟ್ಟಿರೋದು ಫ್ರಿಡ್ಜ್ ಅಲ್ಲ, ಆದರೂ ಕೊಲ್ಲುತ್ತೆ. ಆದ್ದರಿಂದ ‘ಸರಿ ಮಾಡಿದೀನಿ’ ಅಂದವರನ್ನು ‘ಹೇಗೆ ಮಾಡಿದ್ರಿ, ತೋರಿಸಿ’ ಅಂತ ಕೇಳಿ. ನಾಚಿಕೆ ಬೇಡ.

ಚಾರ್ಜರ್ ವಿಷಯದಲ್ಲೂ ಒಂದು ಎಚ್ಚರ. ನಾನು ಹೇಳಿದ 0.25 ಮಿಲಿ ಆಂಪಿಯರ್ ನೆಮ್ಮದಿ ಅಸಲಿ ಚಾರ್ಜರ್‌ಗೆ ಮಾತ್ರ. ವೈ ಕೆಪಾಸಿಟರ್ ಕೆಟ್ಟರೂ ಶಾರ್ಟ್ ಆಗದೆ ಕಡಿದುಹೋಗುವಂತೆ ಅದನ್ನು ತಯಾರಿಸಿರ್ತಾರೆ. ನಕಲಿ ಮಾಡೋರು ನಾಲ್ಕು ಕಾಸು ಉಳಿಸಲು ಅಲ್ಲಿ ಮಾಮೂಲಿ ಕೆಪಾಸಿಟರ್ ಕೂರಿಸಿದ್ರೆ ಆ ಖಾತ್ರಿ ಇಲ್ಲ. ಶಾರ್ಟ್ ಆದ ದಿನ ಗೋಡೆಯ ಕರೆಂಟ್ ನೇರ ನಿಮ್ಮ ಮಡಿಲಿಗೆ. ಜುಮ್ ಅನ್ನೋದು ಬೇರೆ, ಕೈ ಕೊಡವಿ ಎಸೆಯೋ ಹೊಡೆತ ಬೇರೆ. ಹೊಡೆತ ಬಿದ್ರೆ ಆ ಚಾರ್ಜರ್ ಅವತ್ತೇ ಕಸಕ್ಕೆ.

ಮನೆಯಲ್ಲಿ ಏನು ನೋಡ್ಬೇಕು? ಮೀಟರ್ ಬೋರ್ಡ್ ಹತ್ತಿರ ಹೋಗಿ. ಸಾಲಾಗಿರೋ ಸಣ್ಣ ಎಂಸಿಬಿಗಳು ವೈರ್ ಸುಡದಂತೆ ಕಾಯೋದಕ್ಕೆ, ನಿಮ್ಮನ್ನು ಕಾಯೋದಕ್ಕಲ್ಲ. ಮನುಷ್ಯರನ್ನು ಕಾಯೋದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್ ದಾರಿ ತಪ್ಪಿದ್ರೆ ಕಣ್ಣು ಮಿಟುಕಿಸೋದರೊಳಗೆ ಕಟ್ ಮಾಡುತ್ತೆ. ಅದರ ಮೇಲೆ ‘ಟಿ’ ಅಂತ ಒಂದು ಗುಂಡಿ ಇರುತ್ತೆ. ಒತ್ತಿದ್ರೆ ಟಕ್ ಅಂತ ಬೀಳಬೇಕು. ಬೀಳಲಿಲ್ಲ ಅಂದ್ರೆ ಬದಲಾಯಿಸಿ. ಎಲೆಕ್ಟ್ರಿಷಿಯನ್ ಕರೆಸಿ ಪ್ರತಿ ಸಾಕೆಟ್‌ನಲ್ಲೂ ಫೇಸ್‌ಗೂ ಅರ್ತ್‌ಗೂ, ನ್ಯೂಟ್ರಲ್‌ಗೂ ಅರ್ತ್‌ಗೂ ಮೀಟರ್ ಇಡಿಸಿ. ಮೊದಲನೆಯದು 230ರ ಹತ್ತಿರ, ಎರಡನೆಯದು ನಾಲ್ಕೈದು ವೋಲ್ಟ್ ಒಳಗೆ ಇದ್ರೆ ತಂತಿ ಇದೆ ಅಂತ ತಿಳ್ಕೊಳಿ. ಪೂರಾ ಸೊನ್ನೆ ತೋರಿಸಿದ್ರೆ ಆ ತುಂಡು ವೈರ್ ಆಟ ಆಡಿದ್ದಾರಾ ಅಂತ ಬಿಚ್ಚಿ ನೋಡಲಿ. ಗುಂಡಿ ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಬೇರೆ ಅರ್ತ್ ಟೆಸ್ಟರ್ ಬೇಕು. ಉಪ್ಪು, ಇದ್ದಿಲು ತುಂಬಿದ ಹಳೇ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಸತ್ತಿರುತ್ತೆ, ಆಗಾಗ ಒಂದು ಬಕೆಟ್ ನೀರು ಸುರಿಯಿರಿ.

ಬಾಡಿಗೆ ಮನೆಯವರು, ಪಿಜಿಯಲ್ಲಿರೋ ಮಕ್ಕಳು ‘ಓನರ್ ಕೇಳಲ್ಲ ಸಾರ್’ ಅಂತೀರಿ. ಲ್ಯಾಪ್‌ಟಾಪ್ ಜುಮ್ ಅನ್ನುತ್ತೆ ಅಂತ ಹೇಳಿದ್ರೆ ಖಂಡಿತ ಕೇಳಲ್ಲ. ಗೀಸರ್‌ಗೆ ಅರ್ತಿಂಗ್ ಇಲ್ಲ ಅಂತ ಹೇಳಿ, ಮೊಬೈಲ್‌ನಲ್ಲಿ ಬರೆದು ಕಳಿಸಿ. ಅವರು ಮಾಡಿಸೋವರೆಗೆ ನೀರು ಕಾದ ಮೇಲೆ ಸ್ವಿಚ್ ಆಫ್ ಮಾಡಿಯೇ ಬಚ್ಚಲಿಗೆ ಹೋಗಿ.